ಮನೆಯಲ್ಲಿ ಇಬ್ಬರಿಗೆ ಗೊತ್ತಿರಲಿ

(ಹೊಟ್ಟೆಯ ಮೇಲೆ ಸ್ಟೋಮಾ ಇರುವ ಮಕ್ಕಳ ಹೆತ್ತವರು, ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿ ಶಿಕ್ಷಕಿಯರಿಗಾಗಿ ಉಡುಪಿಯಲ್ಲಿ ನಡೆದ ಸಭೆಯಲ್ಲಿ, ಮಕ್ಕಳ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸ್ ಒಬ್ಬರು ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಸ್ಟೋಮಾ ಇರುವ ಮಗುವಿನ ಆರೈಕೆಯ ಬಗ್ಗೆ ಮಾತಾಡಿ ಅಂತ ಸಂಘಟಕರು ಹೇಳಿದ್ದಾರೆ. ಆರೈಕೆಯ ಪಾಠ ನಿಮಗೆ ಆಸ್ಪತ್ರೆಯಲ್ಲೇ ಆಗಿರುತ್ತದೆ. ಡಿಸ್ಚಾರ್ಜಿನ ದಿನ ಸಿಸ್ಟರ್ ಒಬ್ಬರು ಬಂದು ಬ್ಯಾಗ್ ಹಾಕುವುದನ್ನು ತೋರಿಸಿ, ಒಂದು ಚೀಟಿ ಕೈಗೆ ಕೊಟ್ಟು "ಅರ್ಥ ಆಯ್ತಲ್ಲ?" ಅಂತ ಕೇಳುತ್ತಾರೆ. ಆ ಕಡೆ ಬಿಲ್ಲು, ಈ ಕಡೆ ಔಷಧಿ, ಹೊರಗೆ ಕಾಯುತ್ತಿರುವ ರಿಕ್ಷಾ. ಅಮ್ಮ ತಲೆಯಾಡಿಸುತ್ತಾಳೆ. ಅವಳಿಗೆ ಎಷ್ಟು ಅರ್ಥವಾಗಿತ್ತು, ಎಷ್ಟು ಹೆದರಿಕೆ ಇತ್ತು ಅನ್ನುವುದು ಎರಡು ದಿನ ಕಳೆದು ಬರುವ ಫೋನಿನಲ್ಲಿ ಗೊತ್ತಾಗುತ್ತದೆ.

ಹಾಗೆ ಫೋನಿನಲ್ಲಿ, ಓಪಿಡಿ ಬೆಂಚಿನಲ್ಲಿ, ವಾರ್ಡಿನ ರಾತ್ರಿ ಪಾಳಿಯಲ್ಲಿ ಅಪ್ಪ ಅಮ್ಮಂದಿರು ಹೇಳಿಕೊಂಡದ್ದನ್ನು ವರ್ಷಗಟ್ಟಲೆ ಕೇಳಿದ್ದೇನೆ. ಅದರಿಂದ ಒಂದು ವಿಷಯ ನನಗೆ ಖಚಿತವಾಗಿದೆ. ದುಬಾರಿ ಬ್ಯಾಗ್ ತಂದ ಮನೆಯಲ್ಲಿ ಸೋತವರನ್ನು ನೋಡಿದ್ದೇನೆ, ಹಳೇ ಪಂಚೆಯ ಬಟ್ಟೆ ಸುತ್ತಿದ ಮನೆಯಲ್ಲಿ ನೆಮ್ಮದಿಯಾಗಿದ್ದವರನ್ನೂ ನೋಡಿದ್ದೇನೆ. ವ್ಯತ್ಯಾಸ ಎಲ್ಲಿ ಅಂದರೆ, ಮಗುವಿನ ಹೊಟ್ಟೆ ಶುಚಿ ಮಾಡಿ ಬ್ಯಾಗ್ ಹಾಕಲಿಕ್ಕೆ ಆ ಮನೆಯಲ್ಲಿ ಎಷ್ಟು ಜನರಿಗೆ ಬರುತ್ತದೆ ಅನ್ನುವುದರಲ್ಲಿ. ಒಬ್ಬಳಿಗೇ ಬರುತ್ತದೆ ಅಂತಾದರೆ ಆ ಒಬ್ಬಳು ಮುಗಿದಳು. ಇಬ್ಬರಿಗೆ ಬಂದರೆ ಮನೆ ನಡೆಯುತ್ತದೆ. ಇವತ್ತು ನಾನು ಏನೇ ಹೇಳಿದರೂ ಸುತ್ತಿ ಬಳಸಿ ಅಲ್ಲಿಗೇ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೊಸಬರು ಇದ್ದೀರಿ, ಹಾಗಾಗಿ ಸ್ಟೋಮಾ ಅಂದರೆ ಎಂತದು ಅಂತ ಮೊದಲು ಹೇಳಿಬಿಡುತ್ತೇನೆ. ಮಲ ಹೋಗುವ ದಾರಿಯಲ್ಲಿ ತೊಂದರೆ ಇದ್ದಾಗ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಚರ್ಮದ ಮೇಲೆ ತಂದು ಹೊಲಿಯುತ್ತಾರೆ. ದೊಡ್ಡ ಕರುಳಾದರೆ ಕೊಲಾಸ್ಟಮಿ, ಸಣ್ಣ ಕರುಳಿನ ಕೊನೆಯ ಭಾಗವಾದರೆ ಇಲಿಯಾಸ್ಟಮಿ. ಮಲ ಅಲ್ಲಿಂದಲೇ ಹೊರಬರುತ್ತದೆ, ಅದನ್ನು ಹಿಡಿಯಲಿಕ್ಕೆ ಹೊಟ್ಟೆಗೆ ಅಂಟಿಸುವ ಚೀಲವೇ ಬ್ಯಾಗ್. ನೋಡಲಿಕ್ಕೆ ಕೆನ್ನೆಯ ಒಳಭಾಗದ ಹಾಗೆ ಕೆಂಪಾಗಿ, ಒದ್ದೆಯಾಗಿ ಇರುತ್ತದೆ. ಮುಟ್ಟಿದರೆ ಮಗುವಿಗೆ ನೋವಾಗುವುದಿಲ್ಲ, ಅಲ್ಲಿ ನೋವು ತಿಳಿಸುವ ನರ ಇಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಮೊದಲ ದಿನಗಳಲ್ಲಿ ಅಮ್ಮಂದಿರು ಅದನ್ನು ಗಾಯ ಅಂತ ತಿಳಿದು ಮುಟ್ಟುವುದಕ್ಕೇ ಹಿಂಜರಿಯುತ್ತಾರೆ. ಕೆಲವರು ಮುಖ ಆ ಕಡೆ ತಿರುಗಿಸಿಕೊಂಡು ಒರೆಸುತ್ತಾರೆ. ಅದು ಕರುಳು, ಗಾಯ ಅಲ್ಲ ಅಂತ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ.

ನಮ್ಮ ವಾರ್ಡಿಗೆ ಬರುತ್ತಿದ್ದ ಶಿಶುಗಳಲ್ಲಿ ಎರಡು ಕಾರಣಗಳೇ ಹೆಚ್ಚು. ಒಂದು, ಹುಟ್ಟುವಾಗಲೇ ಗುದದ್ವಾರ ಸರಿಯಾಗಿ ರೂಪುಗೊಳ್ಳದೆ ಇರುವುದು. ಇನ್ನೊಂದು ಹರ್ಷ್‌ಸ್ಪ್ರಂಗ್ ಕಾಯಿಲೆ. ಡೆನ್ಮಾರ್ಕಿನ ಮಕ್ಕಳ ವೈದ್ಯ ಹರಾಲ್ಡ್ ಹರ್ಷ್‌ಸ್ಪ್ರಂಗ್ 1886ರಲ್ಲಿ ಇಂಥ ಎರಡು ಮಕ್ಕಳ ವಿಷಯ ವಿವರವಾಗಿ ಹೇಳಿದ್ದರಿಂದ ಆ ಹೆಸರು. ಕರುಳಿನ ಕೊನೆಯ ಭಾಗದಲ್ಲಿ ಇರಬೇಕಾದ ನರಕೋಶಗಳು ಇರುವುದಿಲ್ಲ, ಆದ್ದರಿಂದ ಅಷ್ಟು ಭಾಗ ಸಡಿಲವಾಗದೆ ಬಿಗಿಯಾಗಿಯೇ ಇರುತ್ತದೆ, ಮಲ ಮುಂದೆ ಹೋಗುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಎರಡೂ ಸುಮಾರು 5000 ಹೆರಿಗೆಗೆ ಒಂದರಂತೆ ಕಾಣಿಸಿಕೊಳ್ಳುತ್ತವೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಕರುಳು ಕೊಳೆಯುವ ತೊಂದರೆಯಿಂದಲೂ ಸ್ಟೋಮಾ ಬೇಕಾಗುತ್ತದೆ.

ಆಶಾ ಅಕ್ಕಂದಿರೇ, ನೀವು 3, 7, 14, 21, 28, 42ನೇ ದಿನ ಅಂತ ಬಾಣಂತಿಯ ಮನೆಗೆ ಹೋಗುತ್ತೀರಿ. ಮಗು ಹುಟ್ಟಿ 24 ಗಂಟೆಯೊಳಗೆ ಕಪ್ಪು ಮಲ ಹೋಗಿತ್ತಾ, ತಡವಾಯಿತಾ ಅಂತ ಮೂರನೇ ದಿನವೇ ಕೇಳಿ. ಮಗು ಹಸಿರು ವಾಂತಿ ಮಾಡುತ್ತಿದೆ ಅಂದರೆ ಓಮದ ನೀರು, ಬಜೆ ಅಂತ ನೋಡುತ್ತಾ ಕೂರುವುದು ಬೇಡ, ಆ ದಿನವೇ ಆಸ್ಪತ್ರೆ. ಹೆಣ್ಣುಮಕ್ಕಳಲ್ಲಿ ಇನ್ನೊಂದು ವಿಷಯ ಉಂಟು. ಗುದದ್ವಾರ ಇಲ್ಲದಿದ್ದರೂ ಮುಂದಿನ ಭಾಗದ ಸಣ್ಣ ರಂಧ್ರದಿಂದ ಸ್ವಲ್ಪ ಸ್ವಲ್ಪ ಮಲ ಹೋಗುತ್ತಿರುತ್ತದೆ, ಬಟ್ಟೆ ಒದ್ದೆಯಾಗುವುದರಿಂದ ಎಲ್ಲ ಸರಿಯಾಗಿದೆ ಅಂತ ಅನಿಸುತ್ತದೆ. ಅದಕ್ಕೆ ಬಟ್ಟೆ ಬಿಚ್ಚಿ ಕಣ್ಣಾರೆ ನೋಡಬೇಕು.

ಇನ್ನು ಹೆತ್ತವರ ಮಾತಿಗೆ ಬರುತ್ತೇನೆ. ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ ಬ್ಯಾಗಿನದ್ದಲ್ಲ. "ಸಿಸ್ಟರ್, ನಾನು ಎಂತ ಮಾಡಿದ್ದಕ್ಕೆ ಹೀಗಾಯ್ತು?" ಯಾಕೆಂದರೆ ಅಷ್ಟರೊಳಗೆ ಮನೆಯಲ್ಲಿ ಯಾರೋ ಹೇಳಿಯಾಗಿರುತ್ತದೆ: ಗ್ರಹಣದ ದಿನ ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚಿದ್ದಾಳೆ, ಪಪ್ಪಾಯಿ ತಿಂದಿದ್ದಾಳೆ, ಅವಳ ತವರಿನ ಕಡೆ ನಾಗದೋಷ ಉಂಟು. ದೇವರ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ. ನಾಗನಿಗೆ ತಂಬಿಲ ಕೊಡಬೇಕು ಅನ್ನಿಸಿದರೆ ಕೊಡಿ, ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಹೆತ್ತವಳ ತಲೆಗೆ ಕಟ್ಟಬೇಡಿ. ಗುದದ್ವಾರ ರೂಪುಗೊಳ್ಳುವುದು ಗರ್ಭದ ಎಂಟನೇ ವಾರದ ಸುಮಾರಿಗೆ. ಕರುಳಿನ ನರಕೋಶಗಳು ಮೇಲಿನಿಂದ ಕೆಳಗಿಳಿದು ಕೊನೆ ಮುಟ್ಟುವುದು 12ನೇ ವಾರದ ಹೊತ್ತಿಗೆ. ಎಷ್ಟೋ ಹೆಂಗಸರಿಗೆ ಗರ್ಭಿಣಿ ಅಂತ ಗಟ್ಟಿಯಾಗುವ ಹೊತ್ತಿಗೆ ಒಳಗೆ ಆಗುವುದು ಆಗಿ ಹೋಗಿರುತ್ತದೆ. ಏಳನೇ ತಿಂಗಳ ಸೀಮಂತ ಮುಗಿದ ಮೇಲಿನ ಗ್ರಹಣ ಅದನ್ನು ಎಲ್ಲಿಂದ ಹಾಳು ಮಾಡಬೇಕು?

ಈ ಮಾತನ್ನು ಅಮ್ಮನ ಕಿವಿಯಲ್ಲಿ ಗುಟ್ಟಾಗಿ ಹೇಳಿ ಪ್ರಯೋಜನವಿಲ್ಲ. ಅತ್ತೆ, ಗಂಡ, ಅತ್ತಿಗೆ ಇರುವಾಗ, ಡಾಕ್ಟರ ಬಾಯಿಂದಲೇ ಗಟ್ಟಿಯಾಗಿ ಹೇಳಿಸಬೇಕು. ತಪ್ಪು ಅವಳದ್ದು ಅಂತ ಮನೆ ತೀರ್ಮಾನಿಸಿದ ಮೇಲೆ ಬ್ಯಾಗಿನ ಕೆಲಸವೂ ಅವಳದ್ದೇ ಆಗಿಬಿಡುತ್ತದೆ, ಶಿಕ್ಷೆಯ ಹಾಗೆ. ಎರಡನೆಯವರು ಮುಂದೆ ಬರುವುದೇ ಇಲ್ಲ.

ಬ್ಯಾಗ್ ಬದಲಿಸುವ ಕೆಲಸ ಒಬ್ಬರಿಂದ ಯಾಕೆ ಕಷ್ಟ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡುವ. ಹಾಲು ಕುಡಿದ ಕೂಡಲೇ ಕರುಳು ಚುರುಕಾಗುತ್ತದೆ, ಆಗ ಪ್ಲೇಟ್, ಅಂದರೆ ಸ್ಟೋಮಾದ ಸುತ್ತ ಚರ್ಮಕ್ಕೆ ಅಂಟುವ, ನಡುವೆ ತೂತಿರುವ ಬ್ಯಾಗಿನ ಬಿಲ್ಲೆ, ತೆಗೆದರೆ ಮಲ ಬರುತ್ತಲೇ ಇರುತ್ತದೆ. ಆದ್ದರಿಂದ ಹಾಲು ಕೊಡುವ ಮೊದಲು ಬದಲಿಸಿ ಅನ್ನುತ್ತೇವೆ. ಸರಿ, ಆದರೆ ಹಸಿದ ಮಗು ಅಳುತ್ತದೆ. ಅತ್ತರೆ ಹೊಟ್ಟೆ ಬಿಗಿದು ಸ್ಟೋಮಾ ಉಬ್ಬಿಕೊಂಡು ಮುಂದೆ ಬರುತ್ತದೆ, ಅಳತೆ ಮಾಡಿ ಕತ್ತರಿಸಿಟ್ಟ ತೂತು ಸಾಲದ ಹಾಗೆ ಕಾಣುತ್ತದೆ. ಒಂದು ಕೈ ಹಳೇ ಪ್ಲೇಟಿನ ಅಂಚನ್ನು ಎತ್ತಬೇಕು, ಇನ್ನೊಂದು ಕೈ ಚರ್ಮವನ್ನು ಮೆಲ್ಲಗೆ ಕೆಳಗೆ ಒತ್ತಬೇಕು. ಬ್ಯಾಗನ್ನು ಎಳೆದು ಕೀಳುವುದಲ್ಲ, ಚರ್ಮವನ್ನು ಅದರಿಂದ ಬಿಡಿಸುವುದು. ಆಮೇಲೆ ಬೆಚ್ಚಗಿನ ನೀರಿನ ಹತ್ತಿ, ಒಣ ಬಟ್ಟೆ. ಚರ್ಮ ಪೂರ್ತಿ ಒಣಗುವ ತನಕ ಕಾಯಬೇಕು, ಕಾಯುವಷ್ಟರಲ್ಲಿ ಮತ್ತೆ ಒಂದು ತೊಟ್ಟು ಬರುತ್ತದೆ, ಮತ್ತೆ ಒರೆಸಬೇಕು. ಹೊಸ ಪ್ಲೇಟನ್ನು ಅಂಗೈಗಳ ನಡುವೆ ಹಿಡಿದು ಬಿಸಿ ಮಾಡಿ, ಅಂಟಿಸಿದ ಮೇಲೆ ಒಂದೆರಡು ನಿಮಿಷ ಕೈ ಒತ್ತಿ ಹಿಡಿಯಬೇಕು. ಅಷ್ಟು ಹೊತ್ತು ಮಗುವಿನ ಕೈ ಎಲ್ಲಿರುತ್ತದೆ? ನೇರ ಹೊಟ್ಟೆಗೆ. ಐದಾರು ತಿಂಗಳಾದ ಮೇಲೆ ಕೇಳುವುದೇ ಬೇಡ, ಹಿಡಿದು ಎಳೆಯುತ್ತದೆ, ಮಲದಲ್ಲಿ ಕೈಯಾಡಿಸಿ ಬಾಯಿಗೂ ಇಡುತ್ತದೆ.

ಈಗ ಹೇಳಿ, ಇದಕ್ಕೆ ಎರಡು ಕೈ ಸಾಕಾ? ಒಬ್ಬರು ತಲೆಯ ಕಡೆ ಕೂತು, ಮಗುವಿನ ಎರಡೂ ಕೈಗಳನ್ನು ಮೆಲ್ಲಗೆ ಹಿಡಿದು, ಮುಖ ನೋಡಿ ಮಾತಾಡಿಸುತ್ತಾ ಇದ್ದರೆ ಇದೇ ಕೆಲಸ ಗಲಾಟೆಯಿಲ್ಲದೆ ಆಗುತ್ತದೆ. ಹಾಗೆ ತಲೆಯ ಕಡೆ ಕೂತವರು ದಿನಾ ನೋಡಿ ನೋಡಿ ಕಲಿಯುತ್ತಾರೆ, ಒಂದು ದಿನ ಜಾಗ ಬದಲಿಸಿಕೊಳ್ಳುತ್ತಾರೆ. ಎರಡನೆಯವರನ್ನು ತಯಾರು ಮಾಡಲಿಕ್ಕೆ ಬೇರೆ ತರಬೇತಿ ಬೇಡ.

ಆ ಎರಡನೆಯವರು ಯಾರು ಅಂತ ಪ್ರತಿ ಮನೆಯೂ ತನ್ನ ಲೆಕ್ಕದಲ್ಲಿ ಕಂಡುಕೊಳ್ಳುತ್ತದೆ. ಮಲ್ಪೆಯ ಬೋಟಿನಲ್ಲಿ ದುಡಿಯುವ ಅಪ್ಪಂದಿರು ಆಳಸಮುದ್ರಕ್ಕೆ ಹೋದರೆ ವಾರದ ಮೇಲೆ ಬರುವುದು. ಅಂಥ ಒಬ್ಬರು ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧವಿರುವ 61 ದಿನ ಮನೆಯಲ್ಲಿ ಕೂತು ಕಲಿತರು. ಬಲೆ ಹೆಣೆಯುವ ಕೈ, ಪ್ಲೇಟಿನ ತೂತನ್ನು ಎಷ್ಟು ಅಂದವಾಗಿ ಕತ್ತರಿಸುತ್ತಿದ್ದರು ಅಂದರೆ ವಾರ್ಡಿನಲ್ಲಿ ಬೇರೆಯವರಿಗೆ ಅವರಿಂದಲೇ ತೋರಿಸುತ್ತಿದ್ದೆವು. ಗಲ್ಫಿನಲ್ಲಿರುವ ಅಪ್ಪಂದಿರ ಕಥೆ ಬೇರೆ. ರಜೆಯಲ್ಲಿ ಬಂದವರು ಪ್ರೀತಿಯಿಂದ ಒಂದು ಡಬ್ಬಿ ತುಂಬ ಪ್ಲೇಟ್ ಕತ್ತರಿಸಿಟ್ಟು ಹೋಗುತ್ತಾರೆ. ಆದರೆ ಆಪರೇಷನ್ ಆದ ಮೇಲೆ ಆರೆಂಟು ವಾರ ಸ್ಟೋಮಾದ ಬಾವು ಇಳಿಯುತ್ತಾ ಬರುತ್ತದೆ, ಅಳತೆ ಸಣ್ಣದಾಗುತ್ತದೆ, ಹಳೇ ತೂತು ದೊಡ್ಡದಾಗಿ ಸುತ್ತಲಿನ ಚರ್ಮ ಬೆಂದುಹೋಗುತ್ತದೆ. ತೂತು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರಿನಷ್ಟೇ ದೊಡ್ಡದಿರಬೇಕು, ಆ ದಿನಗಳಲ್ಲಿ ವಾರಕ್ಕೊಮ್ಮೆ ಅಳೆಯಬೇಕು. ಇಂಥ ಮನೆಗಳಲ್ಲಿ ಎರಡನೆಯವರು ಪಕ್ಕದ ಮನೆಯ ಅಕ್ಕನೂ ಆಗಬಹುದು. ಅತ್ತೆ ಸೊಸೆಗೆ ಮಾತೇ ಇಲ್ಲದಿದ್ದ ಒಂದು ಮನೆಯಲ್ಲಿ ಹತ್ತನೇ ಕ್ಲಾಸಿನ ನಾದಿನಿ ಕಲಿತಳು. ಮದುವೆಯಾಗದ ಹುಡುಗಿಗೆ ಇದೆಲ್ಲ ಯಾಕೆ ಅಂತ ಹಿರಿಯರು ಗೊಣಗಿದರಂತೆ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಟುವ ಬ್ಯಾಗ್ ಹುಟ್ಟಿದ್ದು ಕೂಡಾ ಇಂಥ ಎರಡನೆಯವರೊಬ್ಬರಿಂದ. 1954ರಲ್ಲಿ ಡೆನ್ಮಾರ್ಕಿನ ಎಲಿಸೆ ಸೋರೆನ್ಸನ್ ಎಂಬ ನರ್ಸಿನ ತಂಗಿ ಥೋರಾಗೆ ಸ್ಟೋಮಾ ಆಯಿತು. ಸೋರೀತು ಅಂತ ಹೆದರಿ ಆಕೆ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಟ್ಟಳು. ತಂಗಿಗಾಗಿ ಅಕ್ಕ ಯೋಚಿಸಿದ್ದು ಚರ್ಮಕ್ಕೆ ಅಂಟಿಸಿ, ಬಳಸಿ ಎಸೆಯುವ ಚೀಲ. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿಸ್ ಹಾನ್ಸನ್ ಮೊದಲು ಒಪ್ಪಲಿಲ್ಲ. ಅವರ ಹೆಂಡತಿಯೂ ನರ್ಸ್, ಆಕೆ ಹೇಳಿದ ಮೇಲೆ ಮಾಡಿಕೊಟ್ಟರು. 1957ರಲ್ಲಿ ಕೊಲೋಪ್ಲಾಸ್ಟ್ ಕಂಪನಿ ಹುಟ್ಟಿದ್ದು ಅದರಿಂದಲೇ. ನರ್ಸುಗಳ ಸಭೆಯಲ್ಲಿ ಈ ಕಥೆ ಹೇಳುವಾಗ ನನ್ನ ಧ್ವನಿ ಸ್ವಲ್ಪ ಏರುತ್ತದೆ ಅಂತ ಗೆಳತಿಯರು ತಮಾಷೆ ಮಾಡುತ್ತಾರೆ. ಏರಲಿ.

ಅಲ್ಲಿಯ ಬ್ಯಾಗ್ ನಮ್ಮೂರಿನ ಹವೆಯಲ್ಲಿ ಹೇಗಿರುತ್ತದೆ ಅನ್ನುವುದು ಬೇರೆ ವಿಷಯ. ಪ್ಲೇಟಿನ ಅಂಟು ತೇವ ಹೀರಿ ಉಬ್ಬುವ ಗುಣದ್ದು. ಏಪ್ರಿಲ್, ಮೇ ತಿಂಗಳ ನಮ್ಮ ಬೆವರಿಗೆ, ಡಬ್ಬದ ಮೇಲೆ ಬರೆದ ದಿನಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಳೆ ಮಗುವಿಗೆ ದಿನ ಬಿಟ್ಟು ದಿನ, ಕೆಲವೊಮ್ಮೆ ದಿನಾ ಬದಲಿಸಬೇಕಾಗುತ್ತದೆ. ಅಂಚಿನಲ್ಲಿ ಟೇಪ್ ಮೇಲೆ ಟೇಪ್ ಹಾಕಿ ಎರಡು ದಿನ ಎಳೆಯುವವರಿದ್ದಾರೆ. ಮೇಲಿನಿಂದ ಚಂದ ಕಾಣುತ್ತದೆ, ಒಳಗೆ ಮಲ ಹರಡಿ ಚರ್ಮ ಕಿತ್ತುಹೋಗಿರುತ್ತದೆ. ಸೋರಿದರೆ ತೆಗೆಯಬೇಕು, ಬೇರೆ ದಾರಿ ಇಲ್ಲ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಿ, ಭಾರಕ್ಕೇ ಅರ್ಧ ಬ್ಯಾಗ್ ಕಿತ್ತು ಬರುವುದು. ಮಗು ಅಳುವಾಗ ಗಾಳಿ ನುಂಗಿ ಬ್ಯಾಗ್ ಉಬ್ಬಿದ್ದರೆ ಅದನ್ನೂ ಬಿಡಬೇಕು. ಮಲಗಿರುವ ಕೂಸಿಗೆ ಬ್ಯಾಗಿನ ಬಾಯಿ ಸೊಂಟದ ಬದಿಗೆ ತಿರುಗಿರಲಿ, ನಡೆಯಲು ಕಲಿತ ಮೇಲೆ ಕೆಳಮುಖ ಮಾಡಿ.

ಈಗ ಎಣ್ಣೆ ವಿಷಯ. ಇದನ್ನು ಹೇಳದೆ ಹೋದರೆ ನಾನು ಕರಾವಳಿಯವಳೇ ಅಲ್ಲ. ಮಗುವನ್ನು ಮೀಯಿಸುವುದು ನಮ್ಮಲ್ಲಿ ಅಜ್ಜಿಯ ಅಧಿಕಾರ. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ನೆತ್ತಿಯಿಂದ ಪಾದದ ತನಕ ತೆಂಗಿನೆಣ್ಣೆ ತಿಕ್ಕಿ, ಬಿಸಿನೀರು ಹೊಯ್ದರೆ ಅಜ್ಜಿಗೂ ಸಮಾಧಾನ, ಮಗುವಿಗೂ ಒಳ್ಳೇ ನಿದ್ರೆ. ಆದರೆ ಎಣ್ಣೆ ತಾಗಿದ ಹೊಟ್ಟೆಗೆ ಯಾವ ಕಂಪನಿಯ ಪ್ಲೇಟೂ ಅಂಟುವುದಿಲ್ಲ. "ಬ್ಯಾಗ್ ಒಂದು ಗಂಟೆ ನಿಲ್ಲುವುದಿಲ್ಲ ಸಿಸ್ಟರ್, ಮಾಲೇ ಸರಿಯಿಲ್ಲ" ಅಂತ ಫೋನ್ ಬಂದರೆ ನಾನು ಕೇಳುತ್ತಿದ್ದದ್ದು, "ಬೆಳಿಗ್ಗೆ ಮೀಯಿಸಿದ್ದು ಯಾರಮ್ಮ?"

ಆಗ ಅಮ್ಮ ಎಂತ ಮಾಡುತ್ತಾಳೆ? ಜಗಳ ಬೇಡ ಅಂತ ಅಜ್ಜಿಯ ಕೈಯಿಂದ ಮೀಯಿಸುವುದನ್ನೇ ತಪ್ಪಿಸುತ್ತಾಳೆ. ಅಜ್ಜಿ ಮುನಿಸಿಕೊಂಡು ದೂರ ಕೂರುತ್ತಾರೆ. ಮನೆಯಲ್ಲಿ ನಾಲ್ಕು ಮಕ್ಕಳನ್ನು ಸಾಕಿದ, ಎಳೆಗೂಸನ್ನು ಹಿಡಿಯಲು ಎಲ್ಲರಿಗಿಂತ ಚೆನ್ನಾಗಿ ಬರುವ ಎರಡು ಕೈ ಹಾಗೆ ಕೆಲಸದಿಂದ ಹೊರಗಾಗುತ್ತವೆ. ಅದಕ್ಕೆ ನಾನು ಅಜ್ಜಿಯನ್ನೇ ಕರೆದು ಹೇಳುತ್ತಿದ್ದೆ: "ತಲೆಗೆ ಹಚ್ಚಿ, ಕೈ ಕಾಲಿಗೆ ಹಚ್ಚಿ, ಬೆನ್ನಿಗೆ ಹಚ್ಚಿ. ಹೊಟ್ಟೆ ಮಾತ್ರ ನನಗೆ ಬಿಡಿ ಅಮ್ಮ." ಹೊಟ್ಟೆಗೆ ಎಣ್ಣೆಯಿಲ್ಲದ ಸೌಮ್ಯ ಸೋಪು ಅಥವಾ ಬರೀ ನೀರು. ಬ್ಯಾಗ್ ತೆಗೆದು ಮೀಯಿಸಿದರೂ ಅಡ್ಡಿಯಿಲ್ಲ, ಸ್ಟೋಮಾದ ಮೇಲೆ ನೀರು ಬಿದ್ದರೆ ಏನೂ ಆಗುವುದಿಲ್ಲ. ಬ್ಯಾಗ್ ಬದಲಿಸುವ ದಿನವನ್ನೇ ಅಜ್ಜಿಯ ಮೀಯಿಸುವ ಹೊತ್ತಿಗೆ ಇಟ್ಟುಕೊಂಡ ಮನೆಗಳಲ್ಲಿ ಎರಡೂ ಒಟ್ಟಿಗೆ ಮುಗಿಯುತ್ತಿತ್ತು. ಹಾಂ, ಪೌಡರು, ಡೆಟಾಲು, ಸ್ಪಿರಿಟ್ ಯಾವುದೂ ಬೇಡ. ಮಗುವಿನ ವೈಪ್ಸಿನಲ್ಲೂ ಎಣ್ಣೆಯ ಅಂಶ ಇರುತ್ತದೆ, ನೋಡಿಕೊಳ್ಳಿ.

ಖರ್ಚಿನ ಮಾತು. ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶ ಉಂಟು, ಆಪರೇಷನ್ನಿಗೆ ಅದು ಆಧಾರ. ಮನೆಯಲ್ಲಿ ತಿಂಗಳಾನುಗಟ್ಟಲೆ ಬಳಸುವ ಬ್ಯಾಗಿಗೆ ಮಾತ್ರ ಹೆಚ್ಚಿನವರು ಕೈಯಿಂದಲೇ ಹಾಕುತ್ತಾರೆ. 2022ರ ಜುಲೈಯಲ್ಲಿ ಸ್ಟೋಮಾ ಬ್ಯಾಗ್, ಪ್ಲೇಟ್, ಪೇಸ್ಟು, ಬೆಲ್ಟುಗಳ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದ್ದರು. ಇಳಿಸಿದರೂ ಕೂಲಿ ಮಾಡುವವರಿಗೆ ಅದು ದೊಡ್ಡ ಮೊತ್ತವೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಸ್ಟೋಮಾ ಇಲ್ಲ, ಹಾಗಾಗಿ ಅದೊಂದರ ಆಧಾರದಲ್ಲಿ ಪಿಂಚಣಿ, ಕಾರ್ಡು ಅಂತ ಓಡಾಡಿ ಸುಸ್ತಾಗಬೇಡಿ.

ಕೊಲಾಸ್ಟಮಿ ಇರುವ ಎಳೆ ಮಗುವಿಗೆ ಬ್ಯಾಗೇ ಬೇಕು ಅಂತ ಇಲ್ಲ. ಮೆತ್ತಗಿನ ಹಳೇ ಹತ್ತಿ ಬಟ್ಟೆಯನ್ನು ಮಡಚಿ ಸ್ಟೋಮಾದ ಮೇಲಿಟ್ಟು, ಮೇಲೊಂದು ಬಟ್ಟೆ ಸುತ್ತಿ, ಒದ್ದೆಯಾದ ಕೂಡಲೇ ಬದಲಿಸಿ, ಚರ್ಮಕ್ಕೆ ಜಿಂಕ್ ಆಕ್ಸೈಡ್ ಮುಲಾಮು ಅಥವಾ ವ್ಯಾಸಲೀನ್ ಹಚ್ಚುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ. ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ಇದು ಚೆನ್ನಾಗಿಯೇ ನಡೆಯುತ್ತದೆ. ಬ್ಯಾಗ್ ಹಾಕಿಲ್ಲ ಅಂತ ಯಾರೂ ಹೆತ್ತವರನ್ನು ಕೀಳಾಗಿ ನೋಡಬೇಡಿ, ಇದನ್ನು ನಮ್ಮ ಸಿಸ್ಟರುಗಳಿಗೂ ಸೇರಿಸಿ ಹೇಳುತ್ತಿದ್ದೇನೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಅನ್ನುವುದೊಂದೇ ಕಷ್ಟ. ಅಡುಗೆಮನೆಯ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದವರಿದ್ದಾರೆ, ಇಸ್ತ್ರಿ ಹಾಕಿ ಒಣಗಿಸಿದವರಿದ್ದಾರೆ. ಇಲಿಯಾಸ್ಟಮಿಗೆ ಮಾತ್ರ ಬಟ್ಟೆ ಸಾಲದು. ಅಲ್ಲಿ ಬರುವುದು ನೀರಾದ ಮಲ, ಜೀರ್ಣರಸ ಸೇರಿದ್ದು, ಕೆಲವೇ ಗಂಟೆಯಲ್ಲಿ ಚರ್ಮ ಸುಟ್ಟ ಹಾಗಾಗುತ್ತದೆ.

ಇಲಿಯಾಸ್ಟಮಿಯ ಇನ್ನೊಂದು ಅಪಾಯ ಉಪ್ಪು. ನೀರಿನ ಜೊತೆ ಸೋಡಿಯಂ ಹೊರಟುಹೋಗುತ್ತದೆ. ಮಗು ಚೆನ್ನಾಗಿ ಹಾಲು ಕುಡಿಯುತ್ತದೆ, ತೂಕ ಮಾತ್ರ ಏರುವುದಿಲ್ಲ ಅಂದರೆ ಡಾಕ್ಟರು ಮೂತ್ರದ ಸೋಡಿಯಂ ನೋಡುವುದು ಅದಕ್ಕೆ. ಬೇಧಿ ಜಾಸ್ತಿಯಾದಾಗ ನಮ್ಮವರು ಮೊದಲು ಕೊಡುವುದು ಬೊಂಡದ ನೀರು. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ತುಂಬ ಕಡಿಮೆ. ಕಳೆದುಕೊಂಡದ್ದು ಒಂದು, ಕೊಡುತ್ತಿರುವುದು ಇನ್ನೊಂದು. ಅಂಥ ಹೊತ್ತಿಗೆ ಒಆರ್‌ಎಸ್ ಬೇಕು, ಪ್ಯಾಕೆಟಿನ ಮೇಲೆ ಬರೆದಷ್ಟೇ ನೀರಿಗೆ ಕಲಸಿದ್ದು, ಎಷ್ಟು ಕೊಡಬೇಕು ಅಂತ ಡಾಕ್ಟರನ್ನು ಕೇಳಿಕೊಂಡು. ಎದೆಹಾಲು ನಿಲ್ಲಿಸಬಾರದು. ಆರು ತಿಂಗಳಾದ ಮೇಲೆ ರಾಗಿ ಮಣ್ಣಿ, ಅರೆದ ಕುಚ್ಚಲಕ್ಕಿ ಗಂಜಿ ಎಲ್ಲ ಕೊಡಬಹುದು. ದೊಡ್ಡ ಮಕ್ಕಳಿಗೆ ಹಲಸಿನ ತೊಳೆ, ಬಸಳೆ ದಂಟಿನಂಥ ನಾರಿನ ಪದಾರ್ಥ ಕಂಡಾಬಟ್ಟೆ ತಿನ್ನಿಸಬೇಡಿ, ಸಣ್ಣ ಕರುಳಿನ ಬಾಯಿಯಲ್ಲಿ ಕಟ್ಟಿಕೊಳ್ಳುತ್ತದೆ. ಬೀಟ್‌ರೂಟ್ ತಿಂದ ಮರುದಿನ ಬ್ಯಾಗ್ ಕೆಂಪಾದರೆ ರಕ್ತ ಅಂತ ಹೆದರಿ ಬಸ್ಸು ಹತ್ತಬೇಡಿ.

ನಿಜವಾಗಿ ಓಡಿ ಬರಬೇಕಾದದ್ದು ಯಾವಾಗ ಅಂದರೆ: ಸ್ಟೋಮಾದ ಬಣ್ಣ ನೇರಳೆ ಅಥವಾ ಕಪ್ಪಾಗಿ ಹಾಗೆಯೇ ಉಳಿದರೆ, ಬ್ಯಾಗಿಗೆ ಏನೂ ಬಾರದೆ ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ, ಕರುಳು ಉದ್ದಕ್ಕೆ ಹೊರಬಂದು ಒಳಗೆ ಹೋಗದಿದ್ದರೆ, ಮೂತ್ರ ಕಡಿಮೆಯಾಗಿ ಮಗು ಬಾಡಿದರೆ. ಹರ್ಷ್‌ಸ್ಪ್ರಂಗ್ ಮಗುವಿಗೆ ಜ್ವರ, ಹೊಟ್ಟೆ ಉಬ್ಬರ, ಕೊಳೆತ ವಾಸನೆಯ ನೀರು ಬೇಧಿ ಒಟ್ಟಿಗೆ ಬಂದರೆ, ಆಪರೇಷನ್ ಎಲ್ಲ ಮುಗಿದು ವರ್ಷವಾಗಿದ್ದರೂ ತಡಮಾಡಬಾರದು. ಇದು ಎರಡನೆಯವರಿಗೂ ಬಾಯಿಪಾಠ ಇರಬೇಕು. ಅಮ್ಮ ಮನೆಯಲ್ಲಿಲ್ಲದ ದಿನವೇ ಇಂಥದ್ದು ಬರುವುದು.

ಮನೆಯಿಂದ ಹೊರಗಿನ ಅನುಭವ ಹೇಳಬೇಕಾದರೆ, ವಾಸನೆಗಿಂತ ಪ್ರಶ್ನೆಗಳ ಕಾಟವೇ ಹೆಚ್ಚು ಅನ್ನುತ್ತಾರೆ ಹೆತ್ತವರು. ಮದುವೆ ಹಾಲಿನಲ್ಲಿ ಮಗುವಿನ ಜಬಲ ಎತ್ತಿ ನೋಡುವ ದೂರದ ಸಂಬಂಧಿಕರು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ಎದ್ದು ಹೋಗುವ ಪಕ್ಕದ ಸೀಟಿನವರು. ಮಡಿ ಮೈಲಿಗೆ ಇರುವ ಮನೆಗಳಲ್ಲಿ ಇನ್ನೊಂದು ಕಷ್ಟ, ಮಗುವನ್ನು ದೇವರ ಕೋಣೆಗೆ ಕರೆದುಕೊಂಡು ಹೋಗಬಹುದಾ, ಅನ್ನಪ್ರಾಶನ ದೇವಸ್ಥಾನದಲ್ಲಿ ಮಾಡಬಹುದಾ? ಒಬ್ಬ ಅಮ್ಮ ಇದನ್ನು ಅಳುತ್ತಲೇ ಕೇಳಿದ್ದಳು. ಪಕ್ಕದಲ್ಲಿದ್ದ ಅವಳ ಮಾವ, ಪೌರೋಹಿತ್ಯ ಮಾಡುವವರು, ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ಎಲ್ಲ ಮಕ್ಕಳ ಹೊಟ್ಟೆಯಲ್ಲೂ ಅದೇ ಇರುವುದಲ್ಲವಾ, ಇದರದ್ದು ಹೊರಗೆ ಕಾಣುತ್ತದೆ ಅಷ್ಟೇ." ಆಮೇಲೆ ಆ ಮನೆಯಲ್ಲಿ ಆ ಪ್ರಶ್ನೆ ಏಳಲಿಲ್ಲ. ಅವರು ಬ್ಯಾಗ್ ಹಾಕಲು ಕಲಿತರೋ ಇಲ್ಲವೋ ನನಗೆ ಗೊತ್ತಿಲ್ಲ, ಸೊಸೆಯ ಭಾರ ಅರ್ಧ ಇಳಿಸಿದ್ದಂತೂ ಹೌದು.

ಕೆಲವು ಅಪ್ಪ ಅಮ್ಮ ಯಾರಿಗೂ ಹೇಳದೆ ಮುಚ್ಚಿಡುತ್ತಾರೆ, ಹೆಣ್ಣುಮಗುವಾದರೆ ಇನ್ನೂ ಜಾಸ್ತಿ. ನಾಳೆ ಮದುವೆಗೆ ತೊಂದರೆ ಅಂತ. ಊರಿಗೆಲ್ಲ ಸಾರಬೇಕಾಗಿಲ್ಲ, ಒಪ್ಪುತ್ತೇನೆ. ಆದರೆ ಮಗುವನ್ನು ನೋಡಿಕೊಳ್ಳುವವರಿಗೆ ಗೊತ್ತಿರಲೇಬೇಕು. ಅಂಗನವಾಡಿ ಟೀಚರ್, ನಿಮ್ಮನ್ನೇ ಹೇಳುವುದು. ಸ್ಟೋಮಾ ಇರುವ ಮಗುವನ್ನು ಬೇರೆ ಕೂರಿಸಬೇಡಿ, ಅದರಿಂದ ಯಾರಿಗೂ ಏನೂ ಅಂಟುವುದಿಲ್ಲ. ಒಂದು ಜೊತೆ ಬಟ್ಟೆ, ಕತ್ತರಿಸಿಟ್ಟ ಒಂದು ಪ್ಲೇಟು, ಹತ್ತಿ, ಪ್ಲಾಸ್ಟಿಕ್ ಕವರು, ಇಷ್ಟಿರುವ ಚೀಲವನ್ನು ಹೆತ್ತವರಿಂದ ತರಿಸಿ ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಿ.

ಹೆಚ್ಚಿನ ಮಕ್ಕಳಿಗೆ ಸ್ಟೋಮಾ ಶಾಶ್ವತವಲ್ಲ, ಮುಂದೆ ಆಪರೇಷನ್ ಮಾಡಿ ಅದನ್ನು ಮುಚ್ಚುತ್ತಾರೆ, ಅದಕ್ಕೇ ಕ್ಲೋಸ್ ಮಾಡುವುದು ಅನ್ನುತ್ತೇವೆ. ಆದರೆ "ಕ್ಲೋಸ್ ಮಾಡಿದರೆ ಮುಗಿಯಿತು" ಅಂತ ದಿನ ಎಣಿಸುವವರಿಗೆ ನಡುವಿನ ಹಂತ ಮೊದಲೇ ತಿಳಿದಿರಬೇಕು. ಗುದದ್ವಾರ ಇಲ್ಲದ ಮಗುವಿಗೆ ಹೊಸ ದ್ವಾರ ಮಾಡುವ ಆಪರೇಷನ್, 1982ರಲ್ಲಿ ಡಾ. ಆಲ್ಬರ್ಟೊ ಪೆನ್ಯಾ ಮತ್ತು ಡಾ. ಡಿ ಫ್ರೀಸ್ ವಿವರಿಸಿದ ಕ್ರಮವನ್ನೇ ಈಗಲೂ ಹೆಚ್ಚಿನ ಕಡೆ ಅನುಸರಿಸುತ್ತಾರೆ. ಅದಾಗಿ ಸುಮಾರು ಎರಡು ವಾರಕ್ಕೆ ಡೈಲೇಟರ್ ಶುರು. ನುಣುಪಾದ ಲೋಹದ ಕಡ್ಡಿ, ಜೆಲ್ಲಿ ಹಚ್ಚಿ ಹೊಸ ದ್ವಾರಕ್ಕೆ ದಿನಕ್ಕೆ ಎರಡು ಸಲ ಹಾಕಬೇಕು, ಡಾಕ್ಟರು ಹೇಳಿದ ಹಾಗೆ ಅಳತೆ ಏರಿಸುತ್ತಾ ಹೋಗಬೇಕು, ಆಮೇಲೆ ಮೆಲ್ಲಮೆಲ್ಲಗೆ ಕಡಿಮೆ ಮಾಡುತ್ತಾ ತಿಂಗಳುಗಳ ತನಕ. ಬಿಟ್ಟರೆ ದ್ವಾರ ಕಿರಿದಾಗುತ್ತದೆ. ಬ್ಯಾಗಿನ ವಿಷಯದಲ್ಲಿ ಒಮ್ಮೆಯೂ ಅಳದ ಅಮ್ಮಂದಿರು ಇಲ್ಲಿ ಅತ್ತದ್ದನ್ನು ನೋಡಿದ್ದೇನೆ. "ನಾನೇ ಹಿಂಸೆ ಕೊಡುತ್ತಿದ್ದೇನೆ ಅಂತ ಮಗು ನನ್ನನ್ನು ಕಂಡರೆ ಅಳುತ್ತದೆ, ಸಿಸ್ಟರ್." ಹಾಲು ಕುಡಿಸುವವಳೂ ಅವಳೇ, ಡೈಲೇಟರ್ ಹಾಕುವವಳೂ ಅವಳೇ ಆದರೆ ಮಗು ಎಂತ ಮಾಡಬೇಕು ಹೇಳಿ. ಈ ಕೆಲಸವನ್ನು ಅಪ್ಪ ವಹಿಸಿಕೊಳ್ಳಲಿ, ಅಮ್ಮ ಮುಗಿದ ಮೇಲೆ ಎತ್ತಿಕೊಳ್ಳಲಿ. ಇದು ನನ್ನ ಅಭಿಪ್ರಾಯ, ಪುಸ್ತಕದಲ್ಲಿ ಓದಿದ್ದಲ್ಲ.

ಕ್ಲೋಸ್ ಮಾಡಿದ ಮೇಲೆ ಮೊದಲ ಬಾರಿಗೆ ಮಲ ಕೆಳಗಿನಿಂದ ಬರುತ್ತದೆ, ಅದೂ ದಿನಕ್ಕೆ ಹಲವು ಸಲ. ಆ ಚರ್ಮಕ್ಕೆ ಮಲದ ಸ್ಪರ್ಶವೇ ಗೊತ್ತಿಲ್ಲ, ಕೆಂಪಾಗಿ ಕಿತ್ತುಹೋಗುತ್ತದೆ. ಮುಲಾಮನ್ನು ಮೊದಲ ದಿನದಿಂದಲೇ ದಪ್ಪಗೆ ಹಚ್ಚಿ. ಆಮೇಲೆ ಬರುವ ಮಲಬದ್ಧತೆ, ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಆಗುವುದು, ಶಾಲೆಗೆ ಹೋಗುವ ವಯಸ್ಸಿನ ಎನಿಮಾ, ಇದೆಲ್ಲ ಇನ್ನೊಂದು ದಿನದ ಮಾತು. ಇವತ್ತಿಗೆ ಇಷ್ಟು ಸಾಕು: ಕ್ಲೋಸ್ ಆಯಿತು ಅಂತ ಓಪಿಡಿಗೆ ಬರುವುದನ್ನು ಬಿಡಬೇಡಿ.

ಚೀಟಿಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಹೇಳುತ್ತೇನೆ. "ಮಗು ಹೊಟ್ಟೆಯ ಮೇಲೆ ಬೋರಲು ಮಲಗಬಹುದಾ, ಅಂಬೆಗಾಲಿಡಬಹುದಾ?" ಎರಡೂ ಮಾಡಬಹುದು. ಆಡುವಾಗ ಬೋರಲು ಬಿದ್ದರೆ ಸ್ಟೋಮಾಕ್ಕೆ ಏನೂ ಆಗುವುದಿಲ್ಲ, ರಾತ್ರಿ ಮಲಗಿಸುವಾಗ ಮಾತ್ರ 'ಎಲ್ಲ ಕೂಸುಗಳ ಹಾಗೆ' ಅಂಗಾತ ಮಲಗಿಸಿ. ಹೊಟ್ಟೆಯ ಮೇಲೆ ಬಿಗಿ ಇಲಾಸ್ಟಿಕ್ಕಿನ ಚಡ್ಡಿ ಬೇಡ. "ಮುಂದಿನ ಮಗುವಿಗೂ ಹೀಗೆ ಆಗುತ್ತದಾ?" ಹೆಚ್ಚಿನವರಿಗೆ ಇಲ್ಲ. ಹರ್ಷ್‌ಸ್ಪ್ರಂಗ್ ಕೆಲವು ಕುಟುಂಬಗಳಲ್ಲಿ ಮರುಕಳಿಸುತ್ತದೆ, ಹಾಗಾಗಿ ಮುಂದಿನ ಹೆರಿಗೆಯ ಮೊದಲೇ ಡಾಕ್ಟರಿಗೆ ತಿಳಿಸಿರಿ.

ಉಳಿದದ್ದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ನೋಡುವುದು ಒಳ್ಳೆಯದು. ಮೇಜಿನ ಮೇಲೆ ಗೊಂಬೆ ಉಂಟು, ಅಳತೆ ಕಾರ್ಡು, ಪ್ಲೇಟು, ಬಾಗಿದ ಮೂತಿಯ ಕತ್ತರಿ ಎಲ್ಲ ಉಂಟು. ಅಮ್ಮಂದಿರು ಕೂತುಕೊಳ್ಳಿ, ಚಹಾ ಕುಡಿಯಿರಿ. ಅಪ್ಪಂದಿರು, ಅಜ್ಜಿಯಂದಿರು, ಅಲ್ಲಿ ಹಿಂದೆ ಗೋಡೆಗೆ ಒರಗಿ ನಿಂತಿರುವ ಚಿಕ್ಕಪ್ಪ ಮಾವಂದಿರು ಮೊದಲು ಬನ್ನಿ. ಕೈ ತೊಳೆದುಕೊಂಡು ಬನ್ನಿ, ನಳ್ಳಿ ಹೊರಗೆ ಎಡಗಡೆ.